ಮೂವತ್ತೊಂದನೆಯ ಪ್ರಶ್ನೆ

ನಲವತ್ತೆರಡು ಪ್ರಶ್ನೆ, ಒಂದೊಂದಕ್ಕೂ ಮೂರು ಚೌಕ:
ಯಾವಾಗಲೂ, ಕೆಲವೊಮ್ಮೆ, ಅಪರೂಪಕ್ಕೆ.
ಪೆನ್ಸಿಲ್ಲೇ ಇರಲಿ ಎಂದರು,
ಜನವರಿಯ ಡುಲೂತಿನಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ.

ಹುಡುಗ ಟೋಬಿನ್ ಲಾಹ್ಟಿ. ಹತ್ತೊಂಬತ್ತು.
ಅವನಿಗೆ ಎಂಟಾಗಿದ್ದಾಗಿನಿಂದ ನಾನು ಶಾಲೆಯ ಸಹಾಯಕಿ,
ಅಂದರೆ ಅವನ ಕೋಟಿನ ಜಿಪ್ಪು, ಅವನ ಚಮಚ,
ಪುಟ ಮಗುಚುವ ಬೆರಳು,
ಅವನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ
ಉಳಿದರ್ಧ ಹೇಳಿ ಮುಗಿಸುವ ಬಾಯಿ.

ಇವತ್ತಿನ ಅಪ್ಪಣೆ ಬೇರೆ:
ಹದಿನೈದು ಅಡಿ ದೂರ ನಿಲ್ಲು. ನೋಡು. ಬರೆ.
ಕಾಲೇಜಿಗೆ ಇವನು ತಯಾರೋ ಇಲ್ಲವೋ
ಸೋಮವಾರದ ಸಭೆಯೊಳಗೆ ಗೊತ್ತಾಗಬೇಕು.

ಹನ್ನೆರಡನೆಯ ಪ್ರಶ್ನೆ ಕಳೆದ ವಾರವೇ ಮುಗಿದಿತ್ತು:
ತನ್ನ ಅಂಗವೈಕಲ್ಯವನ್ನು ತಾನೇ ವಿವರಿಸಬಲ್ಲನೇ?
‘ತಲೆ ಬರೆದ ಕಾಗದ ಕೈಗೆ ತಡವಾಗಿ ತಲುಪುತ್ತದೆ.
ಅಂಚೆಯವರದೇ ತಪ್ಪು’ ಎಂದಿದ್ದ.
ಕೆಲವೊಮ್ಮೆ, ಎಂದು ಗುರುತು ಹಾಕಿದರು.
ನಗಿಸಿದ್ದಕ್ಕೆ ಅಂಕ ಕಡಿತ.

ಬಸ್ಸು ಉಸ್ಸೆಂದು ಒಂದು ಮಗ್ಗುಲಿಗೆ ಮಂಡಿಯೂರಿತು,
ಹಲಗೆ ಚಾಚಿತು. ಇಳಿದ.
ನಾಲ್ಕನೆಯದಕ್ಕೆ ಯಾವಾಗಲೂ.
ಡ್ರೈವರಿಗೆ ಥ್ಯಾಂಕ್ಸ್ ಹೇಳಿದ್ದಕ್ಕೆ ಚೌಕವಿರಲಿಲ್ಲ.

ಕಾಲೇಜಿನ ಬಾಗಿಲು. ಪಕ್ಕದ ಕಂಬದಲ್ಲಿ
ಒತ್ತಿದರೆ ತೆರೆಯುವ ಗುಂಡಿ, ಗಾಲಿಕುರ್ಚಿಯ ಚಿತ್ರ ಸಮೇತ.
ರಾತ್ರಿ ರಸ್ತೆಯಿಂದ ತಳ್ಳಿದ ಹಿಮವೆಲ್ಲ
ಆ ಕಂಬದ ಬುಡಕ್ಕೇ ಬಂದು ಗುಡ್ಡೆಯಾಗಿ ಕೂತಿತ್ತು.
ಕೈ ಚಾಚಿದ. ಒಂದು ಗೇಣು ಸಾಲದು.
ಕುರ್ಚಿ ಹಿಂದೊಯ್ದು, ಓರೆ ಮಾಡಿ, ಮತ್ತೆ ಚಾಚಿದ.
ಈಗ ಒಂದೂವರೆ ಗೇಣು.

ನನಗೆ ಆರೇ ಹೆಜ್ಜೆ.
ಕಾಲಿಗೆ ಆ ಆರೂ ಬಾಯಿಪಾಠ.
ಪೆನ್ಸಿಲ್ ಕಚ್ಚಿ ನಿಂತೆ.

ಮೂವತ್ತೊಂದು: ನೆರವು ಬೇಕಾದಾಗ ಕೇಳಿ ಪಡೆಯುತ್ತಾನೆಯೇ?

ಮೊದಲು ಬಂದವಳು ಇಯರ್‌ಫೋನಿನೊಳಗಿದ್ದಳು.
ಎರಡನೆಯವನು ನಿಂತ, ಬಾಗಿದ.
ಟೋಬಿನ್ ನಾಲಗೆ ಹೊರಳಿಸಿ ಒಂದು ಶಬ್ದವನ್ನು
ಎತ್ತಿ ತರುವಷ್ಟರಲ್ಲಿ ‘ಹೂಂ ಹೂಂ, ಖಂಡಿತ’ ಎಂದು
ಹೆಬ್ಬೆರಳು ತೋರಿಸಿ ಒಳಗೆ ನಡೆದ.
ಅವನ ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದು
ಬಹಳ ಮೆತ್ತಗಿತ್ತು.

ಉಳಿದರ್ಧ ಮಾತು ನನ್ನ ಬಾಯಲ್ಲೇ ಇತ್ತು. ನುಂಗಿದೆ.
ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ
ಇವನನ್ನು ಕೇಳಲು ಬಿಟ್ಟಿದ್ದೆನೇ?
ಬಾಯಾರುವ ಮುಂಚೆ ನೀರು. ನಡುಗುವ ಮುಂಚೆ ಮಫ್ಲರು.
ಕೇಳುವುದೂ ಒಂದು ಪಾಠ; ಆ ಪೀರಿಯಡ್ಡಿಗೆ
ನಾನೇ ರಜೆ ಕೊಟ್ಟುಬಿಟ್ಟಿದ್ದೆ.

ಆರು ನಿಮಿಷ. ಸುಪೀರಿಯರ್ ಸರೋವರದ ಗಾಳಿ
ಗುಡ್ಡ ಹತ್ತಿ ಬಂದು ಹಾಳೆ ಕಿತ್ತುಕೊಳ್ಳಲು ನೋಡಿತು.

ಏಳಕ್ಕೆ ಒಬ್ಬ ಮುದುಕ, ಕಂಕುಳಲ್ಲಿ ಸಲಿಕೆ,
ಬಕೆಟ್ಟಿನಿಂದ ಮೆಟ್ಟಿಲಿಗೆ ಉಪ್ಪು ಚೆಲ್ಲುತ್ತ ಬಂದ.
ಎದೆಯ ಪಟ್ಟಿಯಲ್ಲಿ ‘ವೆಂಡೆಲ್’ ಎಂದಿತ್ತು.
ಟೋಬಿನ್ ಹೇಳಿದ.
‘ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಪ್ಪ,
ನನಗೇನೂ ಅವಸರವಿಲ್ಲ.’
ಬಕೆಟ್ ಇಳಿಸಿ, ಟೊಪ್ಪಿಯ ಕಿವಿ ಮೇಲೆತ್ತಿ,
ಆ ಬಸ್ಸಿನ ಹಾಗೆಯೇ ಒಂದು ಮಗ್ಗುಲಿಗೆ ಮಂಡಿಯೂರಿದ.
ಮೂರನೆಯ ಸಲ ನನಗೂ ಕೇಳಿಸಿತು, ಹದಿನೈದು ಅಡಿಗೆ.

ಬಾಗಿಲು ತೆಗೆ ಎಂದಲ್ಲ.
‘ಈ ಗುಂಡಿಯ ದೂರು ಯಾರಿಗೆ ಕೊಡಬೇಕು?’

ವೆಂಡೆಲ್ ಗುಡ್ಡೆ ನೋಡಿದ, ಸಲಿಕೆ ನೋಡಿದ.
‘ನನಗೇ’ ಎಂದ. ಕಿವಿ ಕೆಂಪಾಗಿತ್ತು,
ಚಳಿಗೂ ಇರಬಹುದು.

ವಾಪಸು ಬಸ್ಸಿನಲ್ಲಿ ಟೋಬಿನ್
ನನಗೂ ಒಂದು ಹಾಳೆ ಎಂದ.
ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು, ಮೂರು ತಿರುವುಗಳಷ್ಟು ಹೊತ್ತು,
ಬಾಗಿಲು: ಅಪರೂಪಕ್ಕೆ.
ವೆಂಡೆಲ್: ಮೂರನೆಯ ಸಲ.
ಕೆಳಗೆ ನನ್ನ ಹೆಸರು ಡೊರೀನ್, ಸೊಟ್ಟಗೆ,
ಎದುರಿಗೆ ಏನೂ ಇಲ್ಲ.
‘ಯೋಚಿಸುತ್ತಿದ್ದೇನೆ’ ಎಂದ.

ನನ್ನ ಹಾಳೆಯಲ್ಲೂ ಮೂವತ್ತೊಂದು ಖಾಲಿ.
ಅವನ ಕೈಗವಸು ನನ್ನ ಚೀಲದಲ್ಲಿದೆ, ಅವನಿಗೂ ಗೊತ್ತು.
ಬೆರಳು ಕೆಂಪೇರಿದೆ. ನೋಡುತ್ತಿದ್ದೇನೆ.
ಒಂದು ಸ್ಟಾಪು ಹೋಯಿತು. ಇನ್ನೊಂದೂ.

ಕೇಳು ಮಾರಾಯ.